ಸಹಾಯ ಬೇಕು: ಪ್ರೊಜೆಕ್ಟರ್‌ನಲ್ಲಿ ಕಪ್ಪು ಬಣ್ಣ ಬೂದು ಬಣ್ಣವಾಗಿ ಕಾಣುತ್ತಿದೆ
ನಮಸ್ಕಾರ. ದಾವಣಗೆರೆಯ ನಮ್ಮ ಮನೆಯಲ್ಲಿ 100 ಇಂಚಿನ ಬಿಳಿ ಪರದೆಗೆ ಪ್ರೊಜೆಕ್ಟರ್ ಹಾಕಿದ್ದೇವೆ. ಅಪ್ಪನಿಗೆ ಹಳೆಯ ಕಪ್ಪು-ಬಿಳುಪು ಸಿನಿಮಾ ಅಂದರೆ ಪ್ರಾಣ. ಆದರೆ ಕಪ್ಪೆಲ್ಲಾ ಬೂದು, ಬಿಳಿಯೂ ಮಂಕು. ಬ್ರೈಟ್‌ನೆಸ್ ಇಳಿಸಿದರೆ ತಲೆಗೂದಲು, ಸೀರೆಯ ನೆರಿಗೆ ಎಲ್ಲಾ ಒಂದೇ ಮಸಿಯಾಗುತ್ತದೆ.

ಪ್ಲೇಯರ್ 16ರಿಂದ 235ರ ಲಿಮಿಟೆಡ್ ರೇಂಜ್ (ಕಪ್ಪು ಅಂದರೆ 16, ಬಿಳಿ ಅಂದರೆ 235) ಕಳಿಸುತ್ತಿದೆ. ಪ್ರೊಜೆಕ್ಟರ್‌ನ ರೇಂಜ್ ಸೆಟ್ಟಿಂಗ್ ಆಟೋದಲ್ಲಿದೆ. ಅದು ಫುಲ್ ರೇಂಜ್ (ಕಪ್ಪು 0, ಬಿಳಿ 255) ಅಂತ ತಿಳಿದುಕೊಂಡಿರಬಹುದು, ಅಲ್ವಾ? ಇದು ಸರಿಹೋಗದೆ ಬ್ರೈಟ್‌ನೆಸ್ ಮುಟ್ಟುವುದು ಸುಮ್ನೆ ಅಂತ ನನ್ನ ಅನಿಸಿಕೆ. ಮೆನುವಿನಲ್ಲಿ ಈ ರೇಂಜ್ ಆಯ್ಕೆ ಸಾಮಾನ್ಯವಾಗಿ ಎಲ್ಲಿರುತ್ತದೆ?

ಕೋಣೆ ಪೂರ್ತಿ ಕತ್ತಲು. ಗಾಮಾ (ಕಪ್ಪು-ಬಿಳಿಯ ನಡುವಿನ ಛಾಯೆಗಳು ಎಷ್ಟು ಗಾಢವಾಗಿರಬೇಕು ಅನ್ನುವ ಸೆಟ್ಟಿಂಗ್) 2.4 ಇಡಲೋ, 2.2 ಸಾಕೋ?

ಬಿಳಿಯನ್ನು 6500 ಕೆಲ್ವಿನ್‌ಗೆ (ವಿಡಿಯೊಗೆ ಪ್ರಮಾಣಿತವಾದ ಬಿಳಿಯ ಛಾಯೆ) ತರಲು ಕಣ್ಣಳತೆ ಸಾಲದು. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರ ಹತ್ತಿರವಾದರೂ ಕಲರಿಮೀಟರ್ (ಬಣ್ಣ ಅಳೆಯುವ ಸಾಧನ) ಇದ್ದರೆ ಒಂದು ಭಾನುವಾರ ಬರುತ್ತೀರಾ? ಊಟ ನಮ್ಮಲ್ಲೇ, ಬೆಣ್ಣೆ ದೋಸೆಯೂ ಇರುತ್ತದೆ.