ಅಪ್‌ಡೇಟ್: ಮಾವನ ಸೋಯಾ ಹೊಲದ ಕಳೆ ಏನಾಯ್ತು

ಬೈಲಹೊಂಗಲದ ಮಾವನ ಸೋಯಾ ಹೊಲದಲ್ಲಿ ಬಿತ್ತಿ 15 ದಿನಕ್ಕೇ ಕಳೆ ಎದ್ದಿದೆ, ಏನ್ ಮಾಡಲಿ ಅಂತ ಉಡುಪಿಯಲ್ಲಿ ಕೂತು ಕೇಳಿದ್ದೆ ಅಲ್ವಾ, ಅದರ ಮುಂದಿನ ಕಥೆ ಇದು. ಕಳೆ ಹುಟ್ಟದಂತೆ ಬಿತ್ತಿದ ತಕ್ಷಣ ಹೊಡೆಯಬೇಕಿದ್ದ ಕಳೆನಾಶಕ ಪೆಂಡಿಮೆಥಾಲಿನ್ ಮಳೆಯಿಂದಾಗಿ ತಪ್ಪಿತ್ತು. ಹಾಗಾಗಿ ನೀವು ಹೇಳಿದಂತೆ ಕಳೆ ಎರಡು ಮೂರು ಎಲೆ ಇದ್ದಾಗಲೇ, ಎದ್ದ ಕಳೆಯನ್ನು ಸಾಯಿಸುವ ಇಮಾಝೆಥಾಪೈರ್ ಹೊಡೆಸಿದೆವು, ಎಕರೆಗೆ 400 ಮಿಲಿ, 200 ಲೀಟರ್ ನೀರಲ್ಲಿ.

ನಾಲ್ಕೇ ದಿನಕ್ಕೆ ಸೋಯಾ ಎಲೆಯೂ ಹಳದಿ! "ಅಳಿಯಂದ್ರ, ಬೆಳಿ ಹೋತು" ಅಂತ ಮಾವ ಫೋನ್ ಮಾಡಿದ್ರು. ಸುಮ್ನೆ ಗಾಬರಿ, ವಾರದಲ್ಲಿ ಹಸಿರಾಯ್ತು. ಜೇಕು ಅನ್ನೋ ಹುಲ್ಲಿನಂಥ ಕಳೆ ಮಾತ್ರ ಗಡ್ಡೆಯಿಂದ ಮತ್ತೆ ಚಿಗುರಿತು. ಬಿತ್ತಿದ 30ನೇ ದಿನ ಸಾಲುಗಳ ನಡುವೆ ಎಡೆಕುಂಟೆ ಹೊಡೆದು, ಸಾಲಲ್ಲಿ ಉಳಿದಿದ್ದನ್ನು ಕೈಯಲ್ಲೇ ಕಿತ್ತರು. ಒಂದು ಸುತ್ತಿನ ಆಳಿನ ಕೂಲಿ ಉಳಿಯಿತು. ಈ ಔಷಧಿ ಮಣ್ಣಲ್ಲಿ ಉಳಿದು ಜೋಳಕ್ಕೆ ತೊಂದರೆ ಕೊಡಬಹುದಂತೆ, ಹಿಂಗಾರಿಗೆ ಕಡಲೆ ಹಾಕ್ತೇವೆ.