ಬಂದೂಕು ಕೆಳಗಿಟ್ಟ ಮೇಲೆ

(ನಮ್ಮ ಮನೆಯ ಗುಂಪು, ಡಿಸೆಂಬರ್ 19)

ಪಣಜಿ ಕಾಕಾ: (ಫಾರ್ವರ್ಡ್) 1971ರ ಯುದ್ಧದಲ್ಲಿ ಕೈಗೆ ಸಿಕ್ಕ ಪಾಕಿಸ್ತಾನದ 93,000 ಜನರಿಗೆ ಅನ್ನ ಹಾಕಿ, ವಾಪಸ್ ಕಳಿಸಿದೆವು. ಶತ್ರುವಿಗೆ ಕರುಣೆ ತೋರಿಸುವುದು ಹಾವಿಗೆ ಹಾಲೆರೆದಂತೆ. ಒಪ್ಪುವವರು ಹತ್ತು ಜನಕ್ಕೆ ಕಳಿಸಿ.

ಪಣಜಿ ಕಾಕಾ: ಇವತ್ತು ಗೋವಾ ಬಿಡುಗಡೆಯಾದ ದಿನ. ಎಲ್ಲರೂ ಓದಿ.

ಮಡಗಾಂವ್ ತಮ್ಮ: ನೂರಕ್ಕೆ ನೂರು ನಿಜ ಕಾಕಾ.

ವಾಸ್ಕೋ ಅಕ್ಕ: ನಾನು ಒಪ್ಪಲ್ಲ ಕಾಕಾ. ಆ 93,000ದಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಯುದ್ಧ ಮುಗಿದ ಮೇಲೆ ಕೈದಿಗಳನ್ನು ಮನೆಗೆ ಕಳಿಸಬೇಕು ಅಂತ 1949ರ ಜಿನೀವಾ ಒಪ್ಪಂದದಲ್ಲೇ ಇದೆ. ನಾವೂ ಅದನ್ನು ಒಪ್ಪಿಕೊಂಡವರು.

ಪಣಜಿ ಕಾಕಾ: ಅವರೂ ಒಪ್ಪಿಕೊಂಡವರೇ ಅಲ್ವಾ? 1999ರಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಐದು ಜನ ಜವಾನರು ಅವರ ಕೈಗೆ ಸಿಕ್ಕರು. ದೇಹಗಳು ಯಾವ ಸ್ಥಿತಿಯಲ್ಲಿ ಬಂದವು ಗೊತ್ತಲ್ಲ? ಕಾಲಿಯಾಗೆ 22 ವರ್ಷ.

ವಾಸ್ಕೋ ಅಕ್ಕ: ಗೊತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಧಾರವಾಡ ದೊಡ್ಡವ್ವ: ರನ್ನನ ದುರ್ಯೋಧನ ರಣರಂಗದಲ್ಲಿ ಅಭಿಮನ್ಯುವಿನ ಹೆಣ ಕಾಣುತ್ತಾನೆ. ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಅಂತ ಬೇಡಿಕೊಳ್ಳುತ್ತಾನೆ. ಆ ಪದ್ಯ ಪಾಠ ಮಾಡುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತಿತ್ತು.

ಪಣಜಿ ಕಾಕಾ: ವೈನಿ, ಅದು ಕಾವ್ಯ. ಗಡಿಯಲ್ಲಿ ನಡೆಯಲ್ಲ.

ವಾಸ್ಕೋ ಅಕ್ಕ: ಗಡಿಗೇ ಬನ್ನಿ ಹಾಗಾದರೆ. ಅದೇ 1999, ಟೈಗರ್ ಹಿಲ್. ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಅವನ ಹೆಸರೇ) ತನ್ನವರನ್ನು ಕಟ್ಟಿಕೊಂಡು ನಮ್ಮವರ ಮೇಲೆ ಏರಿ ಬಂದ. ನಮ್ಮವರು ಹೊಡೆದು ಉರುಳಿಸಿದರು. ಅಲ್ಲಿ ಕೈ ತಡೆದಿದ್ದರೆ ನಮ್ಮ ಹುಡುಗರೇ ಸಾಯುತ್ತಿದ್ದರು. ಆ ಕರುಣೆ ನಾನು ಕೇಳುತ್ತಿಲ್ಲ. ಆಮೇಲೆ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವನ ದೇಹ ಕೆಳಗೆ ತರಿಸಿದರು. ಇವನು ಧೈರ್ಯವಾಗಿ ಹೋರಾಡಿದ ಅಂತ ಒಂದು ಚೀಟಿ ಬರೆದು ಜೇಬಿನಲ್ಲಿಟ್ಟು ಕಳಿಸಿದರು. ಅವನ ದೇಶ ಅವನಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಕಾಲಿಯಾಗೆ ಹಾಗೆ ಮಾಡಿದ ಮೇಲೂ ನಮ್ಮವರು ಹೀಗೆ ನಡೆದುಕೊಂಡರು ಕಾಕಾ. ಆ ಚೀಟಿಯಿಂದ ನಾವು ಬೆಟ್ಟ ಕಳೆದುಕೊಂಡೆವಾ?

ಮಡಗಾಂವ್ ತಮ್ಮ: ಇದು ಗೊತ್ತಿರಲಿಲ್ಲ ಅಕ್ಕ.

ವಾಸ್ಕೋ ಅಕ್ಕ: ಇವತ್ತಿನ ದಿನದ ವಿಷಯವೂ ಹೇಳುತ್ತೇನೆ. 1961ರಲ್ಲಿ ಲಿಸ್ಬನ್‌ನಿಂದ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್ ಸಂದೇಶ ಕಳಿಸಿದ್ದ. ಶರಣಾಗಬೇಡಿ, ಗೆಲ್ಲಿ ಇಲ್ಲವೇ ಸಾಯಿರಿ ಅಂತ. ಗೋವಾದಲ್ಲಿದ್ದ ಅವರ ಗವರ್ನರ್ ವಾಸಾಲೊ ಇ ಸಿಲ್ವಾ ಕೇಳಲಿಲ್ಲ. ಡಿಸೆಂಬರ್ 19ಕ್ಕೆ ಶರಣಾದ. ಅದಕ್ಕಾಗಿ ಅವನ ದೇಶದವರೇ ಅವನನ್ನು ಸೇನೆಯಿಂದ ಕಿತ್ತುಹಾಕಿದರು. ನೀವು ದಿನಾ ವಾಕಿಂಗ್ ಹೋಗುವ ಮಾಂಡೋವಿ ದಂಡೆಯಲ್ಲಿ ಹಳೇ ಕಟ್ಟಡಗಳು ಇನ್ನೂ ನಿಂತಿವೆ, ನೋಡಿ.

ಪಣಜಿ ಕಾಕಾ: ಅವರು ಬಂದೂಕು ಇಟ್ಟರು, ನಾವು ಬಿಟ್ಟೆವು. ಅದು ಬೇರೆ ವಿಷಯ.

ವಾಸ್ಕೋ ಅಕ್ಕ: ಬೇರೆ ಅಲ್ಲ, ನಾನು ಹೇಳುವುದೇ ಅದು. ಬಂದೂಕು ಹಿಡಿದು ಬಂದವನಿಗೆ ಗುಂಡು. ಕೆಳಗಿಟ್ಟವನಿಗೆ ನೀರು, ಅನ್ನ, ಔಷಧಿ. 93,000 ಜನ ಬಂದೂಕು ಇಟ್ಟವರೇ ಅಲ್ವಾ? 1972ರಲ್ಲಿ ನಮ್ಮ ಅಜ್ಜ ಅಂಥವರನ್ನೇ ಕಾಯುತ್ತಿದ್ದರು. ಒಬ್ಬ ಕೈದಿಗೆ ಎಡಗಡೆ ದವಡೆ ಊದಿ, ರಾತ್ರಿಯೆಲ್ಲ ಕಂಬಿ ಹಿಡಿದು ನರಳುತ್ತಿದ್ದನಂತೆ. ಡಾಕ್ಟರ್ ಬರುವುದು ಬೆಳಿಗ್ಗೆ. ಅಜ್ಜಿ ಕಟ್ಟಿಕೊಟ್ಟ ಲವಂಗ ಅಜ್ಜನ ಜೇಬಿನಲ್ಲಿತ್ತು. ಎರಡು ಕೊಟ್ಟು, ಹಲ್ಲಿನ ಕೆಳಗೆ ಕಚ್ಚಿ ಹಿಡಿ ಅಂತ ತಮ್ಮ ಬಾಯಿ ತೆರೆದು ತೋರಿಸಿದರಂತೆ. ಆ ಯುದ್ಧದಲ್ಲಿ ಅಜ್ಜ ತಮ್ಮ ಜೊತೆಗಾರರನ್ನು ಕಳೆದುಕೊಂಡಿದ್ದರು. ಸಿಟ್ಟು ಅವರಿಗೂ ಇತ್ತು ಕಾಕಾ. ಅವರು ಯಾರ ಮುಂದೆಯೂ ಹಾವು, ಹಾಲು ಅಂತ ಮಾತಾಡಿದ್ದು ನಾನು ಕೇಳಿಲ್ಲ.

ಧಾರವಾಡ ದೊಡ್ಡವ್ವ: ಹೌದು. ಮಾವನವರ ಅಂಗಿ ಒಗೆಯುವಾಗ ಜೇಬಿನಲ್ಲಿ ಯಾವಾಗಲೂ ಲವಂಗ ಸಿಗುತ್ತಿತ್ತು.

ಪಣಜಿ ಕಾಕಾ: ಕಾಲಿಯಾ ವಿಷಯದಲ್ಲಿ ನನ್ನ ಸಿಟ್ಟು ಹೋಗಲ್ಲ.

ವಾಸ್ಕೋ ಅಕ್ಕ: ಹೋಗುವುದು ಬೇಡ. ನನ್ನದೂ ಹೋಗಿಲ್ಲ.

ಪಣಜಿ ಕಾಕಾ: ಎಡಗಡೆ ಅಲ್ಲ, ಬಲಗಡೆ ದವಡೆ. ಅಪ್ಪ ನನಗೆ ಬಲಗಡೆಯೇ ಮುಟ್ಟಿ ತೋರಿಸಿದ್ದರು.