ಬೇಸಿಗ್ಯಾಗ 1/24 ಮಾಡೆಲ್ ಕಾರಿನ ಬಾಡಿ ಮ್ಯಾಲ ಸ್ಪ್ರೇ: ಬಾಗಿಲು ನುಣುಪು, ರೂಫ್ ಒರಟು, ಯಾಕ?

ಕೋಟೆಕೆಂಪು (ಕಲಬುರಗಿ):

ಎಲ್ಲರಿಗೂ ನಮಸ್ಕಾರ್ರಿ. ಕೈಯಾಗಿರೋದು ಟಮಿಯಾ ಕಂಪನಿಯ 1/24 (ಅಸಲಿ ಕಾರಿನ 24ನೇ ಒಂದು ಪಾಲು ಅಳತಿ) ಫೆರಾರಿ ಎಫ್40 ಮಾಡೆಲ್ ಕಿಟ್. ಬಾಡಿ ಕೆಂಪು ಪ್ಲಾಸ್ಟಿಕ್ಕಿನದು. ಅಚ್ಚಿನ ಗೆರೆ 600, 1000 ನಂಬರ್ ವಾಟರ್ ಪೇಪರಿನಿಂದ ತಿಕ್ಕಿ ತೆಗೆದು, ಸೋಪಿನ ನೀರಿನಾಗ ತೊಳದು, ಮಿಸ್ಟರ್ ಸರ್ಫೇಸರ್ 1000 ಗ್ರೇ ಸ್ಪ್ರೇ ಕ್ಯಾನಿನಿಂದ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ಹೊಡದಾಗ್ಯಾದ. ಬಾಗಿಲು, ಚಕ್ರದ ಕಮಾನು ನುಣ್ಣಗ ಬಂದಾವ. ರೂಫ್ ಮತ್ತ ಬಾನೆಟ್ ಮಾತ್ರ ಜೋಳದ ಹಿಟ್ಟು ಉದುರಿಸಿದಂಗ ಒರಟು. ಕ್ಯಾನ್ ಹಿಡದಿದ್ದು ಸುಮಾರು 30 ಸೆಂ.ಮೀ. ದೂರ. ಮೊದಲ ರೂಫ್, ಆಮ್ಯಾಲ ಸುತ್ತಲಿನ ಬಾಜೂ. ಕೋಣಿ ಒಳಗ 38 ಡಿಗ್ರಿ, ಕೂಲರ್ ಚಾಲೂ ಇತ್ತು.

ಮುಂದ ಟಮಿಯಾದ್ದೇ ಸ್ಪ್ರೇ ಕ್ಯಾನ್ ಟಿಎಸ್-8 ಇಟಾಲಿಯನ್ ರೆಡ್ ಹೊಡೀಬೇಕು. ಗ್ರೇ ಪ್ರೈಮರ್ ಮ್ಯಾಲ ನೇರ ಹೊಡದ್ರ ನಡೀತದೇನು? ಕೂಲರ್ ಕೋಣಿ ಛಲೋನೋ, ಮಾಳಿಗಿ ಮ್ಯಾಲ ಛಲೋನೋ? ಮ್ಯಾಲ ಕ್ಲಿಯರ್ (ಬಣ್ಣ ಇಲ್ಲದ ಪಾರದರ್ಶಕ ಕೋಟ್) ಬೇಕೇ ಬೇಕಾ? ಗ್ಯಾರೇಜಿನವರು ಹೊಡಿಯೋ 2ಕೆ (ಹಾರ್ಡನರ್ ಬೆರಸಿ ಗಟ್ಟಿ ಮಾಡೋ) ಕ್ಲಿಯರ್ ಸಣ್ಣ ಮಾಡೆಲ್ಲಿಗೆ ಹೊಂದ್ತದಾ? ತಿಳದವರು ಬಿಡಿಸಿ ಹೇಳ್ರಿ.

ಫರಸಿಕಲ್ಲು (ಶಹಾಬಾದ):

ನಿಮ್ಮ ಪ್ರಶ್ನಿಯೊಳಗೇ ಉತ್ತರ ಅದ್ರಿ: ಮೊದಲ ರೂಫ್, ಆಮ್ಯಾಲ ಬಾಜೂ. ಬಾಜೂಕ ಹೊಡಿಯುವಾಗ ಬಾಡಿಗೆ ತಾಗದೇ ಉಳದ ಬಣ್ಣ ಮ್ಯಾಲ ಹಾರಿ ತಿರುಗಿ ಕೆಳಗ ಇಳೀತದ. 38 ಡಿಗ್ರಿಯೊಳಗ ಆ ಹನಿ ಗಾಳ್ಯಾಗೇ ಅರ್ಧ ಒಣಗಿ ಪುಡಿ ಆಗಿರ್ತದ. ರೂಫಿನ ಬಣ್ಣ ಅಷ್ಟೊತ್ತಿಗೆ ಗಟ್ಟಿ ಆಗಿರೋದ್ರಿಂದ ಪುಡಿ ಅದರಾಗ ಕರಗಂಗಿಲ್ಲ, ಮ್ಯಾಲೇ ಕೂಡ್ತದ. ಬಾಗಿಲು ನೆಟ್ಟಗ ನಿಂತಿರ್ತಾವ, ಅಲ್ಲಿ ಕೂಡಲಿಕ್ಕೆ ಜಾಗ ಇಲ್ಲ. 30 ಸೆಂ.ಮೀ. ದೂರನೂ ಇದಕ್ಕ ಕೂಡ್ತು. ತಂಪು ದೇಶದವರು ಹೇಳೋ ದೂರ ನಮ್ಮ ಮೇ ತಿಂಗಳಿಗೆ ಹೊಂದಂಗಿಲ್ಲ. ಇಲ್ಲಿ 15ರಿಂದ 18 ಸೆಂ.ಮೀ. ಹಿಡೀರಿ, ಕೈ ಅಷ್ಟೇ ಜಲ್ದಿ ಓಡಿಸ್ರಿ. ದೂರ ಕಡಿಮಿ ಮಾಡಿ ಕೈ ನಿಧಾನ ಇಟ್ರ ಬಣ್ಣ ಸೋರ್ತದ.

ಈಗಿನ ಪ್ರೈಮರ್ ತೆಗದು ಹಾಕೋದೇನೂ ಬ್ಯಾಡ. 1500 ನಂಬರ್ ವಾಟರ್ ಪೇಪರ್ ನೀರಿನಾಗ ಅದ್ದಿ, ಒಂದು ಹನಿ ಪಾತ್ರಿ ತೊಳಿಯೋ ಸೋಪ್ ಹಾಕ್ಕೊಂಡು ರೂಫ್, ಬಾನೆಟ್ ಮೆಲ್ಲಗ ತಿಕ್ರಿ. ಅಂಚಿಗೆ ಮಾತ್ರ ಪೇಪರ್ ಮುಟ್ಟಿಸಬ್ಯಾಡ್ರಿ, ಅಂಚಿನ ಮ್ಯಾಲ ಬಣ್ಣ ಯಾವಾಗ್ಲೂ ತೆಳ್ಳಗಿರ್ತದ. ಪ್ಲಾಸ್ಟಿಕ್ಕಿನ ಕೆಂಪು ಕಂಡ್ರ ಅಷ್ಟು ಜಾಗಕ್ಕ ಮತ್ತ ಪ್ರೈಮರ್ ಹೊಡೀರಿ.

ಹೊಡಿಯೋ ಕ್ರಮ ಹಿಂಗ ಇಟ್ಕೊರಿ. ಮೊದಲ ಕಿಟಕಿ ಕಂಬಗಳ ಒಳ ಅಂಚು, ಬಾಗಿಲ ಕೆಳಗಿನ ಪಟ್ಟಿ, ಗಾಳಿ ಹೋಗೋ ಸಂದಿ, ಹಿಂದಿನ ರೆಕ್ಕಿಯ ಬುಡ, ಅಂದ್ರ ಬಣ್ಣ ಸುಲಭವಾಗಿ ಮುಟ್ಟದ ಮೂಲಿಗಳು. ಆಮ್ಯಾಲ ಎರಡೂ ಬಾಜೂ, ಹಿಂದಿನ ಮುಖ, ಮುಂದಿನ ಮುಖ. ಕಡೀಗೆ ಬಾನೆಟ್, ರೂಫ್, ಎಂಜಿನ್ ಮುಚ್ಚಳ, ಒಂದೇ ಉದ್ದ ಹೊಡೆತದಾಗ. ಬಟನ್ ಒತ್ತೋದು ಬಾಡಿಯಿಂದ ನಾಕು ಬೆರಳು ಹೊರಗ, ಬಿಡೋದೂ ಹೊರಗ. ಬಾಡಿ ಮ್ಯಾಲೇ ಒತ್ತಿ ಶುರು ಮಾಡಿದ್ರ ಮೊದಲ ದಪ್ಪ ಹನಿ ಅಲ್ಲೇ ಬೀಳ್ತದ.

ಇನ್ನ ಕೂಲರ್. ಅದನ್ನ ಸ್ಪ್ರೇ ಮಾಡೋ ಅರ್ಧ ತಾಸು ಮೊದಲೇ ಬಂದ್ ಮಾಡ್ರಿ. ಲ್ಯಾಕರಿನ (ಈ ಕ್ಯಾನಿನ ಬಣ್ಣ ಆ ಜಾತಿದು) ದ್ರಾವಕ ಆರುವಾಗ ಬಾಡಿಯ ಮೈ ತಣ್ಣಗಾಗ್ತದ, ಕೂಲರಿನ ಹಸಿ ಗಾಳಿ ಅಲ್ಲಿ ನೀರಾಗಿ ಕುಂತು ಬಣ್ಣದ ಮ್ಯಾಲ ಬಿಳಿ ಮಂಜು ಬರ್ತದ. ಜತೀಗೆ ಕೂಲರಿನ ಹುಲ್ಲಿನ ಪ್ಯಾಡಿನ ಎಳೆ, ಧೂಳ ಎಲ್ಲಾ ಹಾರಿ ಬರ್ತಾವ. ಮಾಳಿಗಿ ಮ್ಯಾಲ ಅಂತೂ ಬ್ಯಾಡ್ರಿ, ಎರೆ ಮಣ್ಣಿನ ಧೂಳು ಭಾಳ ಸಣ್ಣದು, ಕಣ್ಣಿಗೆ ಕಾಣೂದು ಬಣ್ಣ ಒಣಗಿದ ಮ್ಯಾಲೇ. ಮುಂಜಾನಿ 6ರಿಂದ 7ರ ಒಳಗ, ಫ್ಯಾನ್ ಬಂದ್, ಫರಸಿಗೆ ನೀರು ಚಿಮುಕಿಸಿ ಒರಸಿ, ಕಿಟಕಿ ತೆರದು ಹೊಡೀರಿ. ಬಚ್ಚಲ ಮನಿ ಇದಕ್ಕ ಛಲೋ ಜಾಗ, ಆದ್ರ ಗ್ಯಾಸ್ ಗೀಸರ್ ಇದ್ರ ಕಾಲಿಡಬ್ಯಾಡ್ರಿ. ಕ್ಯಾನಿನ ಗಾಳಿ ಬೆಂಕಿ ಹಿಡಿಯೋ ಅನಿಲ.

ಕ್ಯಾನಿನ ಬಗ್ಗೆ ಇನ್ನೊಂದು ಮಾತು. ಬಿಸಿ ನೀರಿನಾಗ ಇಟ್ಟು ಹೊಡೀರಿ ಅಂತ ಇಂಟರ್ನೆಟ್‌ನ್ಯಾಗ ಹೇಳ್ತಾರಲ್ಲ, ಅದು ಚಳಿ ಊರಿನ ಮಾತು. ನಮ್ಮ ಕಡಿ ಕಪಾಟಿನಾಗಿಂದ ತೆಗದ ಕ್ಯಾನೇ ಬೆಚ್ಚಗಿರ್ತದ, ಒತ್ತಡ ಹೆಚ್ಚಿ ಬಣ್ಣ ಜೋರಾಗಿ ಬಂದು ಗಾಳ್ಯಾಗೇ ಒಣಗ್ತದ. ಹತ್ತು ನಿಮಿಷ ಮಡಕಿ ನೀರಿನಾಗ ನಿಲ್ಲಿಸಿ, ಒರಸಿ, ಒಂದೆರಡು ನಿಮಿಷ ಚಂದಾಗಿ ಅಲುಗಾಡಿಸಿ ಹೊಡೀರಿ. ಫ್ರಿಜ್ ಬ್ಯಾಡ, ಭಾಳ ತಂಪಾದ್ರ ಬಣ್ಣ ಹನಿ ಹನಿಯಾಗಿ ಉಗುಳ್ತದ. ಕ್ಯಾನ್‌ಗಳನ್ನ ಕಾರಿನ ಡಿಕ್ಕಿ, ತಗಡಿನ ಶೆಡ್ಡು, ಕಿಟಕಿ ಕಟ್ಟಿ ಮ್ಯಾಲ ಇಡೋದು ಅಪಾಯ, ಬ್ಯಾಸಿಗ್ಯಾಗ ಅಲ್ಲಿ 50 ಡಿಗ್ರಿ ದಾಟ್ತದ.

ಬಿದಿರಿಬಣ್ಣ (ಬೀದರ್):

ಫರಸಿಕಲ್ಲು ಅವರು ಹೇಳಿದ್ದಕ್ಕೆ ಬಣ್ಣದ ಕಡೆಯ ಮಾತು ಸೇರಿಸುತ್ತೇನೆ.

ಗ್ರೇ ಮೇಲೆ ಟಿಎಸ್-8 ನೇರ ಹೊಡೆದರೆ ಕೆಡುವುದಿಲ್ಲ, ಆದರೆ ಕೆಂಪು ಕಂದಿದಂತೆ, ಇಟ್ಟಿಗೆ ಕಡೆಗೆ ವಾಲಿದಂತೆ ಕಾಣುತ್ತದೆ. ಕೆಂಪು ಮತ್ತು ಹಳದಿ ತೆಳು ಬಣ್ಣಗಳು, ಕೆಳಗಿನದು ಮೇಲೆ ತೋರುತ್ತದೆ. ಗ್ರೇ ಮುಚ್ಚಲು ನಾಲ್ಕೈದು ಕೋಟ್ ಹೊಡೆಯುವ ಹೊತ್ತಿಗೆ ಬಾಗಿಲ ಗೆರೆಗಳು ತುಂಬಿಹೋಗುತ್ತವೆ. ಟಮಿಯಾದ್ದೇ ಪಿಂಕ್ ಫೈನ್ ಸರ್ಫೇಸ್ ಪ್ರೈಮರ್ ಸಿಗುತ್ತದೆ. ತಿಕ್ಕಿದ ಗ್ರೇ ಮೇಲೆ ಅದನ್ನು ಎರಡು ತೆಳು ಕೋಟ್ ಕೊಡಿ, ಮೂರು ಕೋಟ್ ಕೆಂಪಿಗೇ ತುಂಬು ಬಣ್ಣ ಬರುತ್ತದೆ. ಪಿಂಕ್ ಸಿಗದಿದ್ದರೆ ಬಿಳಿ ಪ್ರೈಮರ್ ಆದೀತು, ಕೆಂಪು ಸ್ವಲ್ಪ ಕಿತ್ತಳೆಯತ್ತ ಹೋಗುತ್ತದೆ ಅಷ್ಟೆ. ಬಾಡಿ, ಎಂಜಿನ್ ಮುಚ್ಚಳ, ಕನ್ನಡಿಗಳು, ಕೆಂಪಾಗಬೇಕಾದ ಎಲ್ಲವನ್ನೂ ಒಂದೇ ದಿನ, ಒಂದೇ ಕ್ಯಾನಿನಿಂದ, ಅಷ್ಟೇ ಕೋಟ್ ಹೊಡೆಯಿರಿ. ಕನ್ನಡಿಗೆ ಎರಡು ಕೋಟ್, ಬಾಡಿಗೆ ಮೂರು ಅಂದರೆ ಜೋಡಿಸಿದಾಗ ಬಣ್ಣ ಬೇರೆ ಕಾಣುತ್ತದೆ.

ಗೆರೆಗಳ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ: ಪಿಂಕ್ ಹೊಡೆಯುವ ಮೊದಲು ಬಾಗಿಲು, ಬಾನೆಟ್ ಸುತ್ತಲಿನ ಗೆರೆಗಳನ್ನು ಕಟರ್ ಬ್ಲೇಡಿನ ಬೆನ್ನಿನಿಂದ ಮೂರ್ನಾಲ್ಕು ಸಲ ಹಗುರಾಗಿ ಎಳೆದು ಆಳ ಮಾಡಿ. ಚೂಪು ಬದಿ ಬಳಸಿದರೆ ಪ್ಲಾಸ್ಟಿಕ್ ಸೀಳಿ ಎರಡೂ ಕಡೆ ಎದ್ದು ನಿಲ್ಲುತ್ತದೆ. ಈ ಕೆಲಸ ಈಗಲ್ಲದೆ ಮತ್ತೆ ಮಾಡಲಿಕ್ಕೆ ಬರುವುದಿಲ್ಲ.

ಕೆಂಪಿನ ಮೊದಲ ಕೋಟ್ ಮಂಜಿನಂತೆ ತೆಳ್ಳಗಿರಲಿ, ಕೆಳಗಿನ ಪಿಂಕ್ ಕಾಣುತ್ತಿರಲಿ. 15 ನಿಮಿಷ ಬಿಟ್ಟು ಎರಡನೆಯದು. 20 ನಿಮಿಷ ಬಿಟ್ಟು ಮೂರನೆಯದು, ಅದು ಮಾತ್ರ ಒದ್ದೆಯಾಗಿ, ಬೆಳಕಿನ ಪ್ರತಿಬಿಂಬ ಕಾಣುವಷ್ಟು. ಇಲ್ಲಿ ನಮ್ಮ ಸೀಮೆಯ ಬಿಸಿಲು ಮೋಸ ಮಾಡುತ್ತದೆ. ಹತ್ತು ನಿಮಿಷಕ್ಕೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಆದರೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ದ್ರಾವಕ ಸಿಕ್ಕಿಕೊಂಡಿರುತ್ತದೆ. ಅದರ ಮೇಲೆ ಕೂಡಲೇ ದಪ್ಪ ಕೋಟ್ ಹಾಕಿದರೆ ವಾರ ಕಳೆದ ಮೇಲೆ ಬಣ್ಣ ಕುಗ್ಗಿ, ಕೆಳಗೆ ತಿಕ್ಕಿದ ಗೀರುಗಳೆಲ್ಲ ಎದ್ದು ಕಾಣುತ್ತವೆ. ಬಾಡಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ. ವಾಸನೆ ಇದ್ದರೆ ಇನ್ನೂ ಒಣಗಿಲ್ಲ. ಬಿಸಿಲಿಗೆ ಇಟ್ಟು ಒಣಗಿಸುವುದು ಬೇಡವೇ ಬೇಡ, ತೆಳುವಾದ ಕಿಟಕಿ ಕಂಬಗಳು ಬಾಗುತ್ತವೆ.

ಕ್ಲಿಯರ್ ಬಗ್ಗೆ ನನ್ನ ಅಭಿಪ್ರಾಯ: ಟಮಿಯಾದ ಕ್ಲಿಯರ್ ಕ್ಯಾನ್ ಟಿಎಸ್-13 ಎರಡು ತೆಳು ಕೋಟ್ ಹಾಕಿ. ಪಾಲಿಶ್ ಮಾಡುವಾಗ ಸವೆಯುವುದು ಕ್ಲಿಯರ್, ಕೆಂಪು ಉಳಿಯುತ್ತದೆ. ಕೆಂಪು ಹೊಡೆದು 24 ಗಂಟೆ ಬಿಟ್ಟು ಕ್ಲಿಯರ್, ಅದಾಗಿ ಕನಿಷ್ಠ ಒಂದು ವಾರ ಮುಚ್ಚಿದ ಡಬ್ಬಿಯಲ್ಲಿ. ಆಮೇಲೆ ಆರೆಂಜ್ ಪೀಲ್ (ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು) ಇದ್ದ ಕಡೆ ಮಾತ್ರ 2000, 3000 ವಾಟರ್ ಪೇಪರ್, ನಂತರ ಟಮಿಯಾ ಕಾಂಪೌಂಡ್ (ಪಾಲಿಶ್ ಪೇಸ್ಟ್) ಕೋರ್ಸ್, ಫೈನ್, ಫಿನಿಶ್ ಕ್ರಮವಾಗಿ. ಎತ್ತರದ ಅಂಚುಗಳ ಮೇಲೆ 2 ಮಿ.ಮೀ. ಅಗಲದ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು ತಿಕ್ಕಿ, ಕೊನೆಯ ಫಿನಿಶ್ ಹಂತಕ್ಕೆ ತೆಗೆಯಿರಿ. ಅರಿವೆಗೆ ಕೆಂಪು ಹತ್ತಿತೆಂದರೆ ಕ್ಲಿಯರ್ ಸವೆದುಹೋಗಿದೆ ಎಂದರ್ಥ, ಅಲ್ಲಿಗೇ ಕೈ ನಿಲ್ಲಿಸಿ. ಕಾಂಪೌಂಡ್ ಬಿಸಿಲಿಗೆ ಗೆರೆಗಳಲ್ಲಿ ಒಣಗಿ ಬಿಳಿಯಾಗಿ ಕೂಡುತ್ತದೆ, ಆಗಾಗ ಒದ್ದೆ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿರಿ.

ಭೀಮಾದಂಡಿ (ಯಾದಗಿರಿ):

ಬಿದಿರಿಬಣ್ಣ ಅವರ ಮಾತಿಗೆ ಒಂದು ಕಡಿ ನಾ ಒಪ್ಪಂಗಿಲ್ರಿ. ಎಫ್40ಗೆ ಕ್ಲಿಯರ್ ಬೇಕಾಗಿಲ್ಲ. ಈ ಕಾರು 1987ರಾಗ ಫೆರಾರಿಯ 40ನೇ ವರ್ಷಕ್ಕ ಬಂದದ್ದು. ತೂಕ ಉಳಿಸಲಿಕ್ಕೆ ಅಸಲಿ ಕಾರಿಗೇ ಬಣ್ಣ ಎಷ್ಟು ತೆಳ್ಳಗ ಹೊಡದಾರ ಅಂದ್ರ, ಕೆಂಪಿನ ಕೆಳಗ ಕಾರ್ಬನ್ ಮತ್ತ ಕೆವ್ಲಾರಿನ ನೇಯ್ಗಿ ಕಾಣ್ತದ. ಅಂಥ ಕಾರಿನ ಮಾಡೆಲ್ಲಿಗೆ ಗಾಜು ಹೊದಿಸಿದಂಥ ದಪ್ಪ ಹೊಳಪು ಒಪ್ಪಂಗಿಲ್ಲ. ಟಿಎಸ್-8 ತಾನೇ ಹೊಳಪಿನ (ಗ್ಲಾಸಿ) ಬಣ್ಣ. ನಾಕನೇ ತೆಳು ಕೋಟ್ ಒಂದು ಹೆಚ್ಚಿಗಿ ಹೊಡದು, ವಾರ ಬಿಟ್ಟು, ಫೈನ್ ಮತ್ತ ಫಿನಿಶ್ ಕಾಂಪೌಂಡ್ ಅಷ್ಟೇ ಹಚ್ಚಿದ್ರ ಸಾಕು. ಅರಿವಿಗೆ ಕೆಂಪು ಹತ್ತೋದು ಆಗ ಸಹಜ, ಅಂಚು ಮಾತ್ರ ಜ್ವಾಕಿ. ಮೈತುಂಬ ಡೆಕಾಲ್ (ತೆಳು ಅಂಟುಚಿತ್ರ) ಇರೋ ರ್‍ಯಾಲಿ ಕಾರಾದ್ರ ಮಾತು ಬ್ಯಾರೆ, ಅಲ್ಲಿ ಕ್ಲಿಯರ್ ಬೇಕು. ಅದನ್ನೂ ಮೊದಲೆರಡು ಕೋಟ್ ಬರೇ ಮಂಜು ಹಿಡಿಸಿದಂಗ ಹೊಡೀಬೇಕು, ಒಮ್ಮಿಗೇ ಒದ್ದಿ ಕೋಟ್ ಬಿದ್ರ ಡೆಕಾಲ್ ಸುಕ್ಕಾಗ್ತದ.

ಇದೇ ಕಾರಣಕ್ಕ ಗ್ಯಾರೇಜಿನ 2ಕೆ ಕ್ಲಿಯರ್ ಈ ಕಿಟ್ಟಿಗೆ ಬ್ಯಾಡ. ಅದು ನಿಜವಾದ ಕಾರಿನ ಅಳತಿಗೆ ಮಾಡಿದ್ದು, 1/24ರಾಗ ಗೆರೆ, ಬೋಲ್ಟ್ ತಲಿ ಎಲ್ಲಾ ಮುಳುಗ್ತಾವ. ಅದಕ್ಕಿಂತ ದೊಡ್ಡ ಮಾತು, ಅದರ ಹಾರ್ಡನರಿನಾಗ ಐಸೊಸಯನೇಟ್ ಇರ್ತದ, ಪುಪ್ಪುಸಕ್ಕ ಭಾಳ ಕೆಟ್ಟದು. ಮನಿ ಒಳಗ ಹೊಡಿಯೋ ವಸ್ತು ಅಲ್ಲ ಅದು. ಟಿಎಸ್ ಕ್ಯಾನಿಗೂ ಎನ್95 ಮಾಸ್ಕ್ ಸಾಲಂಗಿಲ್ಲ, ಅದು ಧೂಳಿಗೆ ಮಾತ್ರ. ದ್ರಾವಕದ ಆವಿ ತಡಿಯೋ ಕಾರ್ಟ್ರಿಜ್ ಇರೋ ಮಾಸ್ಕ್ ತಗೋರಿ.

ಗ್ಯಾರೇಜ್ ಪೇಂಟಿನ ಅಂಗಡಿಯೊಳಗ ಸಿಗೋ ಎನ್‌ಸಿ ಥಿನ್ನರ್ ಏರ್‌ಬ್ರಷ್ (ಕಂಪ್ರೆಸರ್ ಗಾಳಿಯಿಂದ ಬಣ್ಣ ಹೊಡಿಯೋ ಸಣ್ಣ ಸಾಧನ) ತೊಳಿಲಿಕ್ಕೆ ಮಾತ್ರ. ಅದನ್ನ ಬಣ್ಣಕ್ಕ ಬೆರಸಿ ಬರೇ ಪ್ಲಾಸ್ಟಿಕ್ಕಿಗೆ ಹೊಡದ್ರ ಮೈ ಬಿರಕು ಬಿಡ್ತದ, ತಿಕ್ಕಿದ್ರೂ ಹೋಗಂಗಿಲ್ಲ.

ಕೋಟೆಕೆಂಪು (ಕಲಬುರಗಿ):

ಭಾಳ ಉಪಕಾರ ಆತ್ರಿ ಮೂರೂ ಮಂದಿಗೆ. ರೂಫ್ 1500 ಪೇಪರಿನಿಂದ ತಿಕ್ಕಿದೆ, ನುಣ್ಣಗಾಗ್ಯಾದ. ಇನ್ನೆರಡು ಪ್ರಶ್ನಿ. ಕ್ಯಾನಿನ ಬಣ್ಣ ಶೀಶಿಗೆ ತೆಗದು ಏರ್‌ಬ್ರಷ್‌ನ್ಯಾಗ ಹೊಡದ್ರ ಈ ಧಗಿಯೊಳಗ ಇನ್ನೂ ಸುಲಭ ಆಗ್ತದೇನು? ಇಲ್ಲಂದ್ರ ಮಳಿ ಶುರು ಆಗೋ ತನಕ ಕಾಯೋದು ಛಲೋನಾ?

ಭೀಮಾದಂಡಿ (ಯಾದಗಿರಿ):

ಸುಲಭ ಆಗ್ತದ, ಯಾಕಂದ್ರ ಆರೋ ವೇಗ ನಿಮ್ಮ ಕೈಯಾಗ ಇರ್ತದ. ಕ್ಯಾನ್ ಅರ್ಧ ತಾಸು ಫ್ರಿಜ್‌ನ್ಯಾಗ ಇಡ್ರಿ. ಹೊಡಿಲಿಕ್ಕೆ ಅಲ್ಲ, ಬಗ್ಗಿಸಲಿಕ್ಕೆ ಮಾತ್ರ, ಒತ್ತಡ ಇಳೀಲಿ ಅಂತ. ಬಾಯಿಗೆ ಕುಡಿಯೋ ಸ್ಟ್ರಾ ಟೇಪಿನಿಂದ ಬಿಗದು ಗಾಜಿನ ಶೀಶಿಯೊಳಗ ಮೆಲ್ಲಗ ಬಿಡ್ರಿ, ಶೀಶಿ ಅರ್ಧಕ್ಕಿಂತ ಹೆಚ್ಚು ತುಂಬಬ್ಯಾಡ್ರಿ. ಆ ಬಣ್ಣದಾಗ ಗ್ಯಾಸ್ ಕರಗಿರ್ತದ, ಮುಚ್ಚಳ ಬಿಗಿ ಮಾಡಿದ್ರ ಸಿಡೀತದ. ಸಡ್ಲ ಇಟ್ಟು ಒಂದು ರಾತ್ರಿ ಬಿಡ್ರಿ, ಕಡ್ಡಿಯಿಂದ ಕಲಕಿದಾಗ ಬುರುಗು ಬರದಿದ್ರ ತಯಾರಾಗ್ಯಾದ ಅಂತ ತಿಳೀರಿ. ಮೂರು ಪಾಲು ಬಣ್ಣಕ್ಕ ಒಂದು ಪಾಲು ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಹಾಕ್ರಿ. ಅದರಾಗ ಆರೋದನ್ನ ತಡಿಯೋ ರಿಟಾರ್ಡರ್ ಮೊದಲೇ ಇರ್ತದ, ನಮ್ಮ ಬ್ಯಾಸಿಗಿಗೆ ಅದೇ ಬೇಕಾದದ್ದು. 0.3 ಮಿ.ಮೀ. ನಾಝಲ್, 15ರಿಂದ 20 ಪಿಎಸ್ಐ ಗಾಳಿ ಒತ್ತಡ, 10 ಸೆಂ.ಮೀ. ಆಸುಪಾಸು ದೂರ. ಅಳತಿಗೆ ಮೆಡಿಕಲ್ ಅಂಗಡಿಯ 5 ಎಂ.ಎಲ್. ಸಿರಿಂಜ್ ಸಾಕು, ಸೂಜಿ ತೆಗದು.

ಹಂಗಂತ ಇದೊಂದು ಬಾಡಿಗಾಗಿ ಏರ್‌ಬ್ರಷ್ಷು, ಕಂಪ್ರೆಸರ್ರು ಕೊಳ್ಳೋದು ಬ್ಯಾಡ. ಮುಂಜಾನಿ ಹೊತ್ತು, ಹತ್ರದ ದೂರ, ಸರಿ ಕ್ರಮ ಇಟ್ಕೊಂಡ್ರ ಕ್ಯಾನೇ ಸಾಕಾಗ್ತದ.

ಫರಸಿಕಲ್ಲು (ಶಹಾಬಾದ):

ಮಳಿಗಾಲ ಕಾಯಬ್ಯಾಡ್ರಿ. ಆಗ ಧೂಳ ಕಡಿಮಿ ಖರೆ, ಆದ್ರ ಹಸಿ ಹೆಚ್ಚಿ ಕೆಂಪಿನ ಮ್ಯಾಲ ಬಿಳಿ ಮಂಜು ಕೂಡೋ ಕಾಟ ಶುರು ಆಗ್ತದ. ನಮ್ಮ ಕಡಿ ಸ್ಪ್ರೇಕ ಎಲ್ಲಕ್ಕಿಂತ ಛಲೋ ಕಾಲ ದೀಪಾವಳಿ ಆದ ಮ್ಯಾಲಿನ ದಿನಗಳು. ತೊಗರಿ ರಾಶಿ ಹೊತ್ತಿಗೆ ಮಾತ್ರ ಹೊಟ್ಟು, ಧೂಳ ಗಾಳ್ಯಾಗ ತುಂಬಿರ್ತದ, ಹೊಲಕ್ಕ ಹತ್ರ ಮನಿ ಇದ್ದವರು ಆಗ ಕಿಟಕಿ ನೋಡ್ಕೊಂಡು ಹೊಡೀಬೇಕು. ನೀವು ಈಗಲೇ ಮುಂಜಾನಿ ಮಾಡಿ ಮುಗಸ್ರಿ.

ಒಣ ಹವಾದಾಗ ಇನ್ನೊಂದು ತೊಂದ್ರಿ ಅದ. ಒಣ ಅರಿವಿಯಿಂದ ಒರಸಿದ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಹುಟ್ಟಿ ಧೂಳು ತಾನೇ ಎಳ್ಕೊಂತದ. ಸ್ಪ್ರೇಕ್ಕ ಮೊದಲ ಜರ ಒದ್ದಿ ಮಾಡಿ ಹಿಂಡಿದ ಮೈಕ್ರೋಫೈಬರ್ ಅರಿವಿಯಿಂದ ಒರಸ್ರಿ, ನೀರಿನ ಪಸಿ ಪೂರ್ತಿ ಆರಿದ ಮ್ಯಾಲ ಹೊಡೀರಿ. ಹೊಡದ ಕೂಡ್ಲೇ ಬಾಡಿ ಮ್ಯಾಲ ಪ್ಲಾಸ್ಟಿಕ್ ಡಬ್ಬಿ ಬೋರಲ ಹಾಕ್ರಿ, ಕೆಳಗ ಎರಡು ಕಡಿ ಬೆಂಕಿಕಡ್ಡಿ ಇಟ್ಟು ಆವಿ ಹೋಗಲಿಕ್ಕೆ ಸಂದಿ ಬಿಡ್ರಿ. ಹಸಿ ಬಣ್ಣದ ಮ್ಯಾಲ ಎಳೆ ಬಿದ್ರ ಬೆರಳು ಹಚ್ಚಬ್ಯಾಡ್ರಿ, ಪೂರ್ತಿ ಒಣಗಿದ ಮ್ಯಾಲ 2000 ಪೇಪರಿನಿಂದ ಅದೊಂದೇ ಜಾಗ ತಿಕ್ಕಿದ್ರ ಹೋಗ್ತದ.

ಬಿದಿರಿಬಣ್ಣ (ಬೀದರ್):

ಕ್ಲಿಯರ್ ವಿಷಯದಲ್ಲಿ ಭೀಮಾದಂಡಿ ಅವರ ವಾದ ಈ ಕಾರಿನ ಮಟ್ಟಿಗೆ ಸರಿ, ಒಪ್ಪಿದೆ. ಹೊಸಬರ ಕೈಗೆ ಕ್ಲಿಯರ್ ರಕ್ಷಣೆ ಕೊಡುತ್ತದೆ ಎಂಬುದಷ್ಟೇ ನನ್ನ ಮಾತು.

ಕೋಟೆಕೆಂಪು ಅವರೇ, ಬಣ್ಣ ಮುಗಿದ ಮೇಲೆ ಗಾಜುಗಳಿಗೆ ಫೆವಿಕ್ವಿಕ್ ಮುಟ್ಟಿಸಬೇಡಿ. ಅದರ ಆವಿಗೆ ಗಾಜಿನ ಭಾಗ ಬೆಳ್ಳಗೆ ಮಬ್ಬಾಗುತ್ತದೆ, ಈ ಕಾರಿನಲ್ಲಿ ಎಂಜಿನ್ ಮೇಲಿನ ಪಟ್ಟಿ ಪಟ್ಟಿಯ ಪಾರದರ್ಶಕ ಮುಚ್ಚಳ ಕೆಟ್ಟರೆ ಕಾರಿನ ಅಂದವೇ ಹೋಯಿತು. ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ಹಲ್ಲುಕಡ್ಡಿಯಿಂದ ಅಂಚಿಗೆ ಹಚ್ಚಿ, ರಾತ್ರಿಯಿಡೀ ಟೇಪ್ ಹಾಕಿ ಬಿಡಿ. ಹೆಚ್ಚಾಗಿ ಹೊರಬಂದಿದ್ದನ್ನು ಒದ್ದೆ ಹತ್ತಿಯಿಂದ ಒರೆಸಿದರೆ ಹೋಗುತ್ತದೆ. ಬಾಗಿಲ ಗೆರೆಗಳಿಗೆ ಕಪ್ಪಿನ ಬದಲು ಗಾಢ ಕಂದು ಪ್ಯಾನಲ್ ಲೈನ್ ಬಣ್ಣ (ಗೆರೆಯೊಳಗೆ ತಾನೇ ಹರಿಯುವ ತೆಳು ಬಣ್ಣ) ಹಾಕಿ, ಕೆಂಪಿಗೆ ಅದು ಹೊಂದುತ್ತದೆ. ಅದು ಎನಾಮೆಲ್, ಕೆಳಗಿನದು ಲ್ಯಾಕರ್, ಆದ್ದರಿಂದ ಎನಾಮೆಲ್ ಥಿನ್ನರ್‌ನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿದರೆ ಕೆಂಪಿಗೆ ಏನೂ ಆಗುವುದಿಲ್ಲ. ಬಣ್ಣ ಹರಿದ ಬರಿ ಪ್ಲಾಸ್ಟಿಕ್ ಭಾಗಕ್ಕೆ, ಮುಖ್ಯವಾಗಿ ಬಿಗಿಯಾಗಿ ಜೋಡಿಸಿದ ಕೊಂಡಿಗಳಿಗೆ, ಆ ಥಿನ್ನರ್ ಇಳಿಯದಂತೆ ನೋಡಿಕೊಳ್ಳಿ. ಅಲ್ಲಿ ಪ್ಲಾಸ್ಟಿಕ್ ಬಿರಿದು ತುಂಡಾಗುತ್ತದೆ.